ಡ್ರುಸಿಲ್ಲಾಳ ಪಾಲಿನ ಮುನ್ನೂರಿಪ್ಪತ್ತು ಎಕರೆ

ಆಗಸ್ಟ್ ತಿಂಗಳ ಎರಡನೇ ಭಾನುವಾರ ನಮ್ಮ ಟಿಬೆಟ್ಸ್ ಮನೆತನದವರೆಲ್ಲ ಹಳೆಯ ಜಮೀನಿನ ಓಕ್ ಮರಗಳ ಕೆಳಗೆ ಸೇರುತ್ತೇವೆ. ನೂರೈವತ್ತು ಜನಕ್ಕೆ ಕಮ್ಮಿಯಿಲ್ಲ. ಊಟಕ್ಕೆ ಮುಂಚೆ ವಂಶದ ಕಥೆ ಹೇಳಿ, ಒಂದೊಂದೇ ಕವಲಿನ ಹೆಸರು ಕೂಗುವುದು, ಆ ಕವಲಿನವರು ಎದ್ದು ನಿಲ್ಲುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೂವತ್ತೊಂದು ವರ್ಷದಿಂದ ಕೂಗುತ್ತಿರುವವಳು ನಾನು, ನೋರೀನ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಟಲು ದೊಡ್ಡದೆಂದು ಈ ಕೆಲಸ ನನ್ನ ಕುತ್ತಿಗೆಗೆ ಬಿತ್ತು, ವಿದ್ಯೆ ಇದೆಯೆಂದಲ್ಲ.

ಕಥೆ ಇಷ್ಟೇ. ಮುತ್ತಜ್ಜ ಆಲ್ಮನ್ ಟಿಬೆಟ್ಸ್ 1847ರಲ್ಲಿ ಮಿಸೂರಿಯಿಂದ ಎತ್ತಿನ ಬಂಡಿ ಕಟ್ಟಿಕೊಂಡು, ಎರಡು ಸಾವಿರ ಮೈಲಿ ಪಡುವಣಕ್ಕೆ ನಡೆದು ಒರೆಗಾನಿಗೆ ಬಂದ. ಹದಿನೆಂಟರ ಚೆಲುವೆ ಡ್ರುಸಿಲ್ಲಾಳನ್ನು ಮೆಚ್ಚಿ ಮದುವೆಯಾದ. ಸರಕಾರ ಆರುನೂರ ನಲವತ್ತು ಎಕರೆ ಕೊಟ್ಟಿತು. ಆ ನೆಲ ಅದಕ್ಕೂ ಮುಂಚೆ ಕಲಪೂಯ ಎಂಬ ಮೂಲನಿವಾಸಿಗಳದ್ದು ಎಂಬ ಮಾತನ್ನು ನಾವು ಪ್ರತಿವರ್ಷ ಊಟದ ಜೊತೆಗೇ ನುಂಗುತ್ತೇವೆ.

ಈ ಸಲ ನನ್ನ ದೊಡ್ಡಪ್ಪನ ಮಗ ಡೆಲ್ಬರ್ಟ್ ಅಲ್ಲಿ ಒಂದು ಕಲ್ಲು ನಿಲ್ಲಿಸಿದ್ದ. ‘ಆಲ್ಮನ್ ಟಿಬೆಟ್ಸ್, ಈ ನೆಲದ ಒಡೆಯ. ಹದಿನೆಂಟರಲ್ಲಿ ಅವನ ಕೈ ಹಿಡಿದ ಡ್ರುಸಿಲ್ಲಾ’ ಎಂದು ಕೆತ್ತಿಸಿದ್ದ. ಭಾನುವಾರ ಅದರ ಮೇಲಿನ ಬಟ್ಟೆ ಎಳೆಯಬೇಕಾದವರು ತೊಂಬತ್ತೊಂದರ ವರ್ನಾ ಅತ್ತೆ, ನನ್ನ ಅಪ್ಪನ ಅಕ್ಕ. ಡ್ರುಸಿಲ್ಲಾಳನ್ನು ಕಣ್ಣಾರೆ ಕಂಡ ಮೊಮ್ಮಗಳು ಈಗ ಅವರೊಬ್ಬರೇ.

ಹೊಸದೇನಾದರೂ ಓದೋಣವೆಂದು ನಾನು ಸರಕಾರಿ ದಾಖಲೆ ಕಚೇರಿಗೆ ಬರೆದು, ಮುತ್ತಜ್ಜನ ಜಮೀನಿನ ಕಾಗದಗಳ ನಕಲು ತರಿಸಿದೆ. ಆ ಭಾನುವಾರಕ್ಕೆ ಒಂಬತ್ತು ದಿನ ಮುಂಚೆ ಲಕೋಟೆ ಬಂತು. ಅಡುಗೆಮನೆಯಲ್ಲಿ ಕೂತು ಓದಿದೆ. ಆಗಿನ ಕಾನೂನಿನಲ್ಲಿ ಒಂಟಿ ಗಂಡಸಿಗೆ ಮುನ್ನೂರಿಪ್ಪತ್ತು ಎಕರೆ. ಹೆಂಡತಿಯಿದ್ದರೆ ಅವಳ ಹೆಸರಿಗೇ ಇನ್ನೊಂದು ಮುನ್ನೂರಿಪ್ಪತ್ತು. ಆದರೆ 1851ರ ಡಿಸೆಂಬರ್ ಒಂದರೊಳಗೆ ಮದುವೆಯಾಗಿರಬೇಕು. ಆಲ್ಮನ್ ಮದುವೆಯಾದದ್ದು ನವೆಂಬರ್ ಇಪ್ಪತ್ತೆಂಟಕ್ಕೆ.

ಮಾರನೆಯ ದಿನ ಗ್ರಂಥಾಲಯಕ್ಕೆ ಹೋಗಿ ಮದುವೆಯ ಹಿಂದಿನ ವರ್ಷದ ಜನಗಣತಿ ತೆಗೆಸಿದೆ. ಅವಳ ಅಪ್ಪನ ಹೆಸರಿನ ಕೆಳಗೆ: ಡ್ರುಸಿಲ್ಲಾ, ಹನ್ನೊಂದು ವರ್ಷ.

ಅಂದರೆ ಮದುವೆಯಲ್ಲಿ ಹನ್ನೆರಡು. ಅವನಿಗೆ ಮೂವತ್ತನಾಲ್ಕು. ಹೆಣ್ಣನ್ನಲ್ಲ ಅವನು ಮೆಚ್ಚಿದ್ದು, ಎಕರೆಯನ್ನು. ಹದಿನೆಂಟು, ಹದಿನೆಂಟು ಎಂದು ಮೂವತ್ತೊಂದು ವರ್ಷ ಕೂಗಿದ್ದು ಇದೇ ಗಂಟಲು. ನನಗೆ ನನ್ನ ಗಂಟಲನ್ನೇ ಹಿಸುಕಬೇಕೆನಿಸಿತು.

ಡೆಲ್ಬರ್ಟ್ ಅಂಗಳದಲ್ಲಿ ಬೆಂಚುಗಳಿಗೆ ಬಣ್ಣ ಹೊಡೆಯುತ್ತಿದ್ದ. ಕಾಗದಗಳನ್ನು ಅವನ ಮೂಗಿಗೆ ಹಿಡಿದೆ.

“ಆಗೆಲ್ಲಾ ಹಂಗೇ ಇತ್ತು ಕಣೆ,” ಎಂದ. “ಆ ವರ್ಷ ಕಣಿವೇಲಿ ಎಷ್ಟೋ ಜನ ಹಂಗೇ ಮಾಡ್ಕೊಂಡ್ರು. ಕಾಗದದ ಮದುವೆ ಅದು. ಹುಡುಗಿ ದೊಡ್ಡೋಳಾಗೋವರ್ಗೂ ಅಪ್ಪನ ಮನೇಲೇ ಇರೋಳು.”

“ಎಲ್ಲಿದ್ಳು? ಮದುವೆ ದಿನದಿಂದ ಇಬ್ರೂ ಒಂದೇ ಗುಡಿಸಲಲ್ಲಿದಾರೆ ಅಂತ ನೆರೆಯೋನು ಸಾಕ್ಷಿ ಬರ್ಸಿದಾನೆ, ಓದು. ಮೊದಲ್ನೇ ಮಗು ಮಣ್ಣು ಮಾಡಿದಾಗ ಅವಳಿಗೆ ಹದಿನಾಲ್ಕು.”

“ಮನೆ ಬೈಬಲ್ಲಲ್ಲಿ ಅವಳು ಹುಟ್ಟಿದ್ದು 1833 ಅಂತಿದೆ. ಬೈಬಲ್ ಸುಳ್ಳು ಹೇಳುತ್ತಾ?”

“ಬೈಬಲ್ ಹೇಳಲ್ಲ. ಅದರ ಮೊದಲ್ನೇ ಹಾಳೇಲಿ ಗೀಚೋ ಟಿಬೆಟ್ಸ್‌ಗಳು ಹೇಳ್ತಾರೆ.”

ಅವನು ಕುಂಚ ಡಬ್ಬಿಗೆ ಅದ್ದಿದ. “ಜನ ಬರೋದು ಆಲೂಗಡ್ಡೆ ಸಲಾಡ್ ತಿನ್ನೋಕೆ. ಅವರ ತಟ್ಟೆಗೆ ಇದನ್ಯಾಕೆ ಬಡಿಸ್ತೀಯ?”

“ಹದಿನೆಂಟು ತೆಗ್ಸು. ಅರ್ಧ ನೆಲ ಅವಳದ್ದು ಅಂತ ಕೆತ್ತಿಸು. ಇಷ್ಟೇ ನಾನು ಕೇಳೋದು.”

“ಅದು ಕಲ್ಲು, ನೋರೀನ್. ನಿನ್ನ ಶಾಲೆ ಕರಿಹಲಗೆ ಅಲ್ಲ, ಒರೆಸಿ ಬರ್ಯೋಕೆ. ಭಾನುವಾರ ಬಾಯಿ ಮುಚ್ಕೊಂಡು ಕಥೆ ಹೇಳು.”

“ಬಾಯಿ ಮುಚ್ಕೊಂಡು ಕಥೆ ಹೇಳೋ ವಿದ್ಯೆ ನಂಗೆ ಬರಲ್ಲ. ನಿಮ್ಮ ಕವಲಿಗೇ ಬರೋದು,” ಎಂದು ಬಂದುಬಿಟ್ಟೆ.

ಭಾನುವಾರ ಮೈಕಿನ ಮುಂದೆ ನಿಂತೆ. ಬಂಡಿ, ಎತ್ತು, ಹೊಳೆ ದಾಟಿದ್ದು, ಎಲ್ಲ ಮಾಮೂಲಿನಂತೆ ಹೇಳಿದೆ. ಮದುವೆಯ ಮಾತಿಗೆ ಬಂದಾಗ ಕಾಗದ ಬಿಡಿಸಿ ಓದಿದೆ. ಕೆಲವರು ನಕ್ಕರು, ತಮಾಷೆ ಅಂದುಕೊಂಡು. ಆ ನಗು ನನ್ನ ತಲೆಗೇರಿತು.

“ನಮ್ಮಲ್ಲಿ ಹನ್ನೆರಡು ವರ್ಷದ ಹುಡುಗೀರು ಯಾರ್ಯಾರಿದೀರಿ, ಎದ್ದು ನಿಲ್ಲಿ,” ಎಂದೆ.

ಕರೆದಾಗ ಎದ್ದು ನಿಂತು ರೂಢಿಯಾದ ಮಕ್ಕಳು. ಮೂವರು ನಿಂತರು. ಮುಂದಿದ್ದ ಕೆಲ್ಸಿ ಹೊಳೆಯಲ್ಲಿ ಆಡಿ ಬಂದಿದ್ದಳು, ಕೂದಲಿಂದ ನೀರು ಸೋರುತ್ತಿತ್ತು, ಹಲ್ಲಿಗೆ ತಂತಿ. “ಇಷ್ಟಿದ್ಳು ನಿಮ್ಮ ಡ್ರುಸಿಲ್ಲಾ,” ಎಂದೆ. ಯಾರೂ ನಗಲಿಲ್ಲ. ಮಕ್ಕಳ ಮುಖ ಕೆಂಪಾಯಿತು. ನನ್ನ ಸಿಟ್ಟನ್ನು ಅವರ ಮೇಲೆ ಹೊರಿಸಿದ್ದು ತಪ್ಪೇ, ಇವತ್ತಿಗೂ ಒಪ್ಪುತ್ತೇನೆ.

ಕೆಲ್ಸಿಯ ಅಮ್ಮ, “ಕೂತ್ಕೊಳೇ,” ಎಂದು ಅಂಗಿ ಜಗ್ಗಿದಳು. ಕೆಲ್ಸಿ ಕೂರಲಿಲ್ಲ. “ಅವಳು ಬೇಡ ಅನ್ಬೋದಿತ್ತಾ?” ಎಂದು ನನ್ನನ್ನೇ ಕೇಳಿದಳು.

“ಅವಳನ್ನ ಯಾರೂ ಕೇಳ್ಲಿಲ್ಲ, ಮರಿ.”

ಡೆಲ್ಬರ್ಟ್ ಬಂದು ಮೈಕು ಕಿತ್ತುಕೊಂಡ. “ಸಾಕು ನಾಟಕ. ಅತ್ತೆ, ಬಟ್ಟೆ ಎಳೀರಿ, ಊಟ ಮಾಡೋಣ.”

ಕಲ್ಲಿನ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ ವರ್ನಾ ಅತ್ತೆಯ ಕೈಯಲ್ಲಿ ಬಟ್ಟೆಯ ಹಗ್ಗವಿತ್ತು.

“ಎಳ್ಯಲ್ಲ,” ಎಂದರು.

“ಅತ್ತೆ, ಬೈಬಲ್ಲಲ್ಲಿ...”

“ಬೈಬಲ್ಲಲ್ಲಿ ಬರ್ದಿದ್ದು ನಾನು ಕಣೋ. ಅಜ್ಜಿ ಸತ್ತಾಗ ನಂಗೆ ಹದಿನಾಲ್ಕು. ಅಜ್ಜಿ ಬಗ್ಗೆ ಬರ್ಯೋಕೆ ಪತ್ರಿಕೆಯೋರು ಮನೆಗೆ ಬರ್ತಾರೆ ಅಂತ ಅಪ್ಪ ಬ್ಲೇಡ್ ಕೊಟ್ಟು, ನಿನ್ನ ಕೈಬರಹ ಚೆನ್ನಾಗಿದೆ, ಹುಟ್ಟಿದ ಇಸವೀಲಿ ಒಂಬತ್ತು ಕೆರೆದು ಮೂರು ಮಾಡು ಅಂದ. ಮಾಡ್ದೆ.”

ಡೆಲ್ಬರ್ಟನ ಮೇಲಿದ್ದ ನನ್ನ ಸಿಟ್ಟೆಲ್ಲ ಥಟ್ಟನೆ ಆ ಕುರ್ಚಿಯ ಕಡೆ ತಿರುಗಿತು. ನನ್ನನ್ನು ಎತ್ತಿ ಆಡಿಸಿದ ಹೆಂಗಸು.

“ಮೂವತ್ತೊಂದು ವರ್ಷ ನನ್ನೆದುರಿಗೇ ಕೂತು ಕೇಳಿದ್ರಲ್ಲ ಅತ್ತೆ.”

“ಕೇಳ್ದೆ. ಚಪ್ಪಾಳೆನೂ ಹೊಡ್ದೆ.”

ಡೆಲ್ಬರ್ಟ್ ಹಗ್ಗಕ್ಕೆ ಕೈ ಹಾಕಿದ. ಅತ್ತೆ ಅದನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡರು. “ಎಳಿ. ನನ್ನೂ ಸೇರ್ಸಿ ಎಳಿ. ಅಂಕಿ ಸರಿ ಮಾಡಿ, ಅವಳ ಅರ್ಧ ಅವಳಿಗೆ ಬರ್ಸೋವರ್ಗೂ ಈ ಬಟ್ಟೆ ಬಿಚ್ಚಲ್ಲ.”

ನೂರೈವತ್ತು ಜನರ ಮುಂದೆ ತೊಂಬತ್ತೊಂದರ ಮುದುಕಿಯ ಕೈಯಿಂದ ಹಗ್ಗ ಕಿತ್ತುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಊಟ ಆಯಿತು. ಹೊರಡುವಾಗ ಡೆಲ್ಬರ್ಟ್ ನನ್ನ ಕಾರಿನ ಹತ್ತಿರ ಬಂದು, ನನ್ನ ಮುಖ ನೋಡದೆ, “ಮಂಗಳವಾರ ಕಲ್ಲುಕುಟಿಗನ್ನ ಕರೆಸ್ತೀನಿ. ಏನು ಕೆತ್ಬೇಕೋ ಬರ್ದು ಕೊಡು. ಇನ್ನು ನನ್ನ ಮನೆ ಮೆಟ್ಟಿಲು ಹತ್ಬೇಡ,” ಎಂದು ಹೋದ.

ಅತ್ತೆಯನ್ನು ಮನೆಗೆ ಬಿಡಬೇಕಾದವಳು ನಾನೇ. ಕಾರು ಸೇತುವೆ ದಾಟಿತು.

“ಬೈದ್ಬಿಡೇ,” ಎಂದರು.

“ತಡೀರಿ. ಎಲ್ಲಿಂದ ಶುರು ಮಾಡ್ಲಿ ಅಂತ ಯೋಚ್ನೆ ಮಾಡ್ತಿದೀನಿ.”

ಆಮೇಲೆ ಬೈದೆ. ಹದಿನೇಳು ಮೈಲಿ, ಅವರ ಮನೆಯ ಬಾಗಿಲವರೆಗೂ ಬೈದೆ. ಅವರು ಒಂದಕ್ಕೂ ಇಲ್ಲ ಎನ್ನಲಿಲ್ಲ.