ಬಣ್ಣ ಬೇರೆ, ಬೆಡಗು ಒಂದೇ

ಟ್ರ್ಯಾಕ್ಟರು ವಿಜಯಪುರದ ಕಡೆಯ ಹಳ್ಳಿಯಲ್ಲಿ ಕೆಟ್ಟು ನಿಂತರೆ ಮುಂಬೈ ಚೆಂಬೂರಿನ ಚಾಳಿನಲ್ಲಿ ಕೂಗಾಟ ಏಕೆ? ಏಕೆಂದರೆ ಅದರ ಮಾಲೀಕ ನೀಲಕಂಠಪ್ಪ ನೌಕರಿ ಮಾಡುತ್ತ ಇಲ್ಲಿದ್ದಾನೆ. ಓಡಿಸುವ ತಮ್ಮ ಸೋಮನಾಥ ಊರಲ್ಲಿದ್ದಾನೆ.

"ಅಣ್ಣಾ, ಬಿತ್ತೂ ಕೂರಿಗಿ ಎತ್ತೂ ಲಿಫ್ಟ್ ಏಳವಲ್ದು," ಎಂದ ಸೋಮನಾಥ ಫೋನಿನಲ್ಲಿ. "ವಾರಂಟಿ ಇನ್ನೂ ಐತಿ. ಆದ್ರ ಡೀಲರ್ ಏನಂತಾನ, ನೀವು ಹೊರಗಿನ ಕೂರಿಗಿ ಹಚ್ಚೀರಿ, ವಾರಂಟಿ ನಡ್ಯಂಗಿಲ್ಲ ಅಂತಾನ. ಆ ಕೂರಿಗಿ ಅವನ ಅಂಗಡ್ಯಾಗ ತಗೊಂಡದ್ದು! ಮಳಿ ಆಗೇತಿ, ನೆಲದ ಹದಾ ಹೋದ್ರ ಈ ಸಲ ತೊಗರಿ ಬಿತ್ತೂದು ತಪ್ಪಿದಂಗ."

ನೀಲಕಂಠಪ್ಪನ ತಲೆ ಕೆಟ್ಟಿತು. ಫೋನಿಟ್ಟು ಗುಡುಗಿದ. "ಇನ್ನ ಆ ಕೆಂಪು ಬಲಭೀಮ ಟ್ರ್ಯಾಕ್ಟರಿನ ಮಾರಿ ನೋಡಂಗಿಲ್ಲ! ಅದನ್ನ ಕೊಟ್ಟು ನೀಲಿ ವನರಾಜ ತರತೀನಿ. ಬಲಭೀಮಕ್ಕೂ ವನರಾಜಕ್ಕೂ ಹಾವು ಮುಂಗುಸಿ. ಹೊಟ್ಟಿ ಉರಕೊಳ್ಳಲಿ!"

ಪಕ್ಕದ ಖೋಲಿಯ ಪ್ರಫುಲ್ಲಾ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು. ಉಡುಪಿ ಕಡೆಯವಳು, ಸ್ಟೇಷನ್ ಹತ್ತಿರ ಗಂಡನ ಜೊತೆ ಹೋಟೆಲ್ ನಡೆಸುವವಳು.

"ನೀಲಕಂಠಣ್ಣ, ನಮ್ಮದು ಒಂದು ಬಾಗಿಲಲ್ಲಿ ಇಡ್ಲಿ ದೋಸೆ, ಪಕ್ಕದ ಬಾಗಿಲಲ್ಲಿ ಬೇರೆ ಬೋರ್ಡು ಹಾಕಿ ಪಾವ್ ಭಾಜಿ. ನಿನ್ನೆ ಒಬ್ರು ದೋಸೆ ತಡ ಆಯ್ತು ಅಂತ ಜಗಳ ಮಾಡಿ, ಇನ್ನು ನಿಮ್ಮಲ್ಲಿಗೆ ಕಾಲಿಡುದಿಲ್ಲ ಅಂತ ಹೇಳಿ ಹೋದ್ರು. ಹೋಗಿ ಪಕ್ಕದಲ್ಲೇ ಪಾವ್ ಭಾಜಿ ತಿಂದ್ರು! ಎರಡೂ ನಮ್ಮದೇ ಮಾರಾಯ್ರೆ!"

"ಹೋಟೆಲ್ ಮಾತು ಬ್ಯಾರೆ. ಇಂಥಾ ದೊಡ್ಡ ದೊಡ್ಡ ಟ್ರ್ಯಾಕ್ಟರ್ ಕಂಪನಿ ಒಬ್ಬರ ಕೈಯಾಗ ಇರತಾವೇನು?"

"ಇರ್ತಾವೆ ಅಣ್ಣ. ದೊಡ್ಡ ಕಂಪನಿ ಒಂದು ಬ್ರ್ಯಾಂಡ್ ತಾನೇ ಮಾಡ್ತದೆ, ಇನ್ನೊಂದನ್ನು ಕೊಂಡುಕೊಳ್ತದೆ. ಹಳೇ ಹೆಸರು, ಹಳೇ ಬಣ್ಣ ಹಾಗೇ ಇಡ್ತದೆ. ಜನಕ್ಕೆ ಗೊತ್ತೇ ಆಗುದಿಲ್ಲ."

"ಸುಳ್ಳ!" ಎಂದ ನೀಲಕಂಠಪ್ಪ.

ಅಷ್ಟು ಹೊತ್ತು ಜೋಳದ ಹಿಟ್ಟು ನಾದುತ್ತಿದ್ದ ಹೆಂಡತಿ ಚಂದ್ರವ್ವ ಕೈ ತೊಳೆದುಕೊಂಡು ಎದ್ದಳು. "ಮಗಳಿಗೆ ವರ ನೋಡೂಮುಂದ ಮೊದಲ ಬೆಡಗ ಕೇಳಿದ್ರಿ. ಟ್ರ್ಯಾಕ್ಟರ್ ತರೂಮುಂದ ಕೇಳಿದ್ರೇನು?"

ಬೆಡಗು ಎಂದರೆ ಅವರಲ್ಲಿ ಮೂಲ ಮನೆತನದ ಗುರುತು. ಅಡ್ಡಹೆಸರು ಏನೇ ಇರಲಿ, ಬೆಡಗು ಒಂದೇ ಆದರೆ ಅಣ್ಣತಮ್ಮಂದಿರ ಲೆಕ್ಕ. ಅಂಥವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ.

ಚಂದ್ರವ್ವ ಊರಿನ ವನರಾಜ ಷೋರೂಮಿಗೆ ತಾನೇ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ತಮ್ಮಾ, ನಿಮ್ಮ ಮೂಲ ಮಾಲೀಕರು ಯಾರು?"

"ಮೇರುಧ್ವಜ ಸಮೂಹ ಅಕ್ಕಾರ! ಹೆಡ್ ಆಫೀಸ್ ಮುಂಬೈ ಗೋರೆಗಾಂವ್‌ದಾಗ ಐತಿ," ಎಂದ ಮಾರುವ ಹುಡುಗ ಹೆಮ್ಮೆಯಿಂದ. "ವನರಾಜ ನಮ್ಮದ, ಬಲಭೀಮನೂ ನಮ್ಮದ!"

ನೀಲಕಂಠಪ್ಪನ ಮುಖ ನೋಡಬೇಕಿತ್ತು. ಸಿಟ್ಟು ಮಾಡಿಕೊಂಡು ಮುಂಬಾಗಿಲಿನಿಂದ ಹೊರಬಿದ್ದು ಅದೇ ಮನೆಯ ಹಿತ್ತಲಿನಿಂದ ಒಳಹೋಗುವವನಿದ್ದನಲ್ಲ!

"ಈಗ ಏನ ಮಾಡೂದು?" ಎಂದ.

"ಕಂಪನಿ ಯಜಮಾನ್ರು ಇಲ್ಲೇ ಗೋರೆಗಾಂವ್‌ದಾಗ ಇದ್ದಾರಲ್ಲ? ನಡೀರಿ, ಅವರನ್ನ ಕೇಳೂಣು," ಎಂದಳು ಚಂದ್ರವ್ವ.

ಮರುದಿನ ಗಂಡಹೆಂಡತಿ ಗೋರೆಗಾಂವ್‌ನ ಆ ಗಾಜಿನ ಕಟ್ಟಡದೊಳಗೆ ಹೋದರು. ಟ್ರ್ಯಾಕ್ಟರು, ಕೂರಿಗೆ ಎರಡರ ಬಿಲ್ಲುಗಳೂ ಕೈಯಲ್ಲಿದ್ದವು. ಸ್ವಾಗತದ ಮೇಜಿನವಳು, "ಬಲಭೀಮ ಬೇರೆ ಕಂಪನಿ, ಡೀಲರ್ ಹತ್ತಿರ ಹೋಗಿ," ಎಂದಳು. ಚಂದ್ರವ್ವ ಹೋಗಲಿಲ್ಲ. ಸೋಫಾದ ಮೇಲೆ ಕೂತು ತನಗೆ ಬಂದಷ್ಟು ಮರಾಠಿ, ಅದು ಬಾರದ ಕಡೆ ಕನ್ನಡ ಸೇರಿಸಿ ದನಿ ಎತ್ತಿದಳು.

"ಮಾರೂಮುಂದ ಎಲ್ಲಾ ನಮ್ಮದ ಅಂತೀರಿ, ರಿಪೇರಿಗೆ ಬಂದ್ರ ಬ್ಯಾರೆ ಮನಿ ಅಂತೀರಿ? ನಿಮ್ಮ ಡೀಲರ್ ಮಾರಿದ ಕೂರಿಗಿ ಹೊರಗಿಂದು ಹ್ಯಾಂಗ ಆಗತೈತಿ? ವಾರಂಟಿ ಕೊಡಂಗಿಲ್ಲ ಅಂತ ಬರದು ಕೊಡ್ರಿ. ಗ್ರಾಹಕರ ಸಹಾಯವಾಣಿ 1915ಕ್ಕ ಹೇಳತೀವಿ. ಬರದು ಕೊಡೂತನಕ ನಾ ಏಳಂಗಿಲ್ಲ!"

ಯಾರೂ ಬರೆದುಕೊಡಲಿಲ್ಲ. ಬರೆದರೆ ಸಿಕ್ಕಿಬೀಳುತ್ತಾರಲ್ಲ! ಕೊನೆಗೆ ಮೇಲಿನಿಂದ ಒಬ್ಬ ಅಧಿಕಾರಿ ಇಳಿದು ಬಂದ. ಬಿಲ್ಲು ನೋಡಿ ಇವರೆದುರಿಗೇ ಡೀಲರನಿಗೆ ಫೋನ್ ಮಾಡಿ, ಮೆಕ್ಯಾನಿಕ್‌ನನ್ನು ಕಳಿಸಲು ಹೇಳಿದ. ದೂರಿನ ಸಂಖ್ಯೆ ತೆಗೆದುಕೊಂಡ ಮೇಲೆಯೇ ಚಂದ್ರವ್ವ ಎದ್ದದ್ದು.

ಹದ ಆರುವ ಮೊದಲೇ ಸೋಮನಾಥನ ಫೋನ್ ಬಂತು. ಇಂಜಿನ್ನಿನ ಸದ್ದಿನಲ್ಲಿ ಅವನು ಕೂಗಿ ಹೇಳಬೇಕಾಯಿತು: "ಅಣ್ಣಾ, ಲಿಫ್ಟ್ ಎದ್ದೈತಿ! ತೊಗರಿ ಬಿತ್ತಾಕತ್ತೀನಿ!"

ನೀಲಕಂಠಪ್ಪ ಹೆಂಡತಿಯ ಕಡೆ ತಿರುಗಿದ. "ಇನ್ನ ಮ್ಯಾಲೆ ಏನ ತಗೊಂಡರೂ ಮೊದಲ ಮಾಲೀಕ ಯಾರು ಅಂತ ಕೇಳೂದ ಸೈ," ಎಂದ. ಪ್ರಫುಲ್ಲಾಗೂ ಹಾಗೆಯೇ ಹೇಳಿದ.

ಅಕ್ಕಂದಿರೇ, ಅಣ್ಣಂದಿರೇ, ದೊಡ್ಡ ಸಮೂಹದ ಟ್ರ್ಯಾಕ್ಟರು ಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ಬಣ್ಣಕ್ಕೆ, ಹೆಸರಿಗೆ ಮರುಳಾಗಬೇಡಿ. ಯಾವ ಹೆಸರಿನ ಹಿಂದೆ ಯಾರಿದ್ದಾರೆ ಎಂದು ಕೊಳ್ಳುವ ಮೊದಲೇ ಕೇಳಿ. ಬಿಲ್ಲು ಜೋಪಾನ ಮಾಡಿ. ಡೀಲರ್ ಇಲ್ಲವೆಂದರೆ ಅದೇ ಕೊನೆಯ ಮಾತಲ್ಲ, ಅವನ ಮೇಲೆ ಕಂಪನಿ ಇದೆ, ಕಂಪನಿಯ ಮೇಲೆ ಮಾಲೀಕನಿದ್ದಾನೆ, ಎಲ್ಲರ ಮೇಲೆ ಕಾನೂನಿದೆ. ದುಡಿದ ದುಡ್ಡು ನಿಮ್ಮದು. ಹೆದರಬೇಡಿ, ಕೇಳಿ. ಉತ್ತರ ಸಿಗುವವರೆಗೆ ಎದ್ದು ಬರಬೇಡಿ.