ಒಲೆ ಎಲ್ಲಿ

"ಎತ್ಲಾ ಆ ಕಲ್ಲುಗಳ್ನ. ಹೂವಿಗೆ ಅಂತ ಶೆಡ್ ಕಟ್ಸಿದ್ನೋ, ನಿಮ್ಮವ್ವನ ಸಂಸಾರಕ್ಕೆ ಕಟ್ಸಿದ್ನೋ?"

ತೋಟದ ಮಾಲೀಕ ರಾಮಮೂರ್ತಿ ಚಪ್ಪಲಿ ಕಾಲಿನಲ್ಲಿ ಒದ್ದ ಒದೆಗೆ ಒಲೆಯ ಕಲ್ಲೊಂದು ಉರುಳಿ, ಗಂಜಿಯ ಮಡಕೆ ಬೂದಿಗೆ ಮಗುಚಿತು. ಕನಕಮ್ಮ ಗಂಜಿ ಬಿದ್ದ ಪಾದವನ್ನು ಸೆರಗಿನಿಂದ ಒರೆಸಿಕೊಂಡು ಮುನೀಶನ ಕಡೆ ನೋಡಿದಳು. ಮುನೀಶ್ ಆ ಗುಲಾಬಿ ತೋಟದ ಮೇಸ್ತ್ರಿ. ಅವಳ ಅಕ್ಕನ ಮಗ. ಅಕ್ಕ ಸತ್ತ ಮೇಲೆ ಮುದ್ದೆ ತಿನ್ನಿಸಿ ಸಾಕಿದವಳು ಇವಳೇ. ಅವನು ಬಿಸಿ ಕಲ್ಲುಗಳನ್ನು ಕೈ ಬದಲಿಸುತ್ತ ಹೊತ್ತೊಯ್ದು ಗೊಬ್ಬರದ ಗುಂಡಿಗೆ ಎಸೆದು ಬಂದ.

ಈಗ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಗುಲಾಬಿ ಬಿಡುವ ನೆಲದಲ್ಲೇ ಕನಕಮ್ಮನ ಗುಡಿಸಲಿತ್ತು. ರಾಮಮೂರ್ತಿ ಅದನ್ನು ಕೆಡವಿಸಿದ ದಿನ, ಹೂವು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಮೂಲೆ ತೋರಿಸಿ "ಬಿದ್ಕೊ" ಅಂದಿದ್ದ. ಬಾಡಿಗೆಯಿಲ್ಲ. ನಸುಕಿಗೇ ಎದ್ದು ಮೋಟಾರ್ ಹಾಕುವುದಕ್ಕೆ, ತೋಟ ಕಾಯುವುದಕ್ಕೆ ಕೂಲಿಯೂ ಇಲ್ಲ. ಅವಳು ಹೋದರೆ ಸಂಬಳದಾಳು ಹುಡುಕಬೇಕು.

ಅವತ್ತು ಕೃಷ್ಣಗಿರಿಯಿಂದ ಟ್ರಸ್ಟಿನವರು ಬರುವವರಿದ್ದರು. ಸೂರಿಲ್ಲದವರನ್ನು ಹುಡುಕಿ ಒಂದೊಂದು ಕೋಣೆ ಕಟ್ಟಿಸಿಕೊಡುತ್ತಿದ್ದರು. ಈ ಕಡೆಯಿಂದ ಆ ಟ್ರಸ್ಟಿಗೆ ದೊಡ್ಡ ದಾನಿ ರಾಮಮೂರ್ತಿಯೇ.

ಬಂದವಳು ಶ್ಯಾಮಲಾ. ಮನೆ ಇದೆಯಾ ಅಂತ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಹಳ್ಳಿಯಲ್ಲಿ ಇಲ್ಲ ಅನ್ನುವವರು ಯಾರು? ಬಸ್‌ಸ್ಟ್ಯಾಂಡಿನಲ್ಲಿ ಮಲಗೆದ್ದವನೂ ಇದೆ ಅಂತಲೇ ಅನ್ನುತ್ತಾನೆ.

"ಸಮೈಯಲ್... ಅಡುಗೆ ಎಲ್ಲಿ ಮಾಡ್ತೀರಮ್ಮ? ನಿಮ್ಮ ಒಲೆ ಎಲ್ಲಿ?"

ಕನಕಮ್ಮನ ಹಿಂದಿನ ಗೋಡೆಯಲ್ಲಿ ಮಸಿ ಹಾಗೇ ಇತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ರಾಮಮೂರ್ತಿ ಕೆಮ್ಮಿದ. ಮುನೀಶನಿಗೆ ಮೇಸ್ತ್ರಿಗಿರಿ ಹೋದೀತೆಂಬ ಭಯ ಇತ್ತು, ನಿಜ. ಆದರೆ ಹೂ ಕೊಯ್ಯುವ ಹೆಂಗಸರೆಲ್ಲ ಕತ್ತರಿ ಹಿಡಿದು ನೋಡುತ್ತಿದ್ದರು. ಇಷ್ಟೆತ್ತರ ಬೆಳೆದ ಮಗನಿದ್ದೂ ಇವಳಿಗೆ ಒಲೆಯಿಲ್ಲ ಅಂದರೆ ಅವನ ಮುಖಕ್ಕೆ ಉಗಿದ ಹಾಗೆ.

"ನಮ್ ಚಿಕ್ಕಮ್ಮ ಮೇಡಂ. ನನ್ ಮನೇಲೇ ಅವ್ಳೆ. ಒಲೆನೂ ಅಲ್ಲೇ."

"ಹೌದಾಮ್ಮ?"

ಕನಕಮ್ಮ ಅವನ ಮುಖವನ್ನೇ ನೋಡಿದಳು. "ಹುಡುಗ ಹೇಳ್ದಂಗೆ ಕಣವ್ವ."

ಶ್ಯಾಮಲಾ ಮಸಿಯನ್ನೊಮ್ಮೆ ನೋಡಿ ಹೊರಟಳು.

ಕಾರು ತಿರುವು ದಾಟುವ ಮೊದಲೇ ರಾಮಮೂರ್ತಿ ಶೆಡ್ಡಿಗೆ ಬೀಗ ಜಡಿದ. "ನಾಳೆ ಇಲ್ಲೇ ಕಂಬಳಿ ಹಂಚೋ ಫಂಕ್ಷನ್ನು. ಅದು ಮುಗಿಯೋಗಂಟ ನಿಮ್ ಚಿಕ್ಕವ್ವ ನಿನ್ ಮನೇಲೇ ಇರ್ಲಿ. ನೀನೇ ಅಂದ್ಯಲ್ಲ. ಮೋಟಾರ್ ಹಾಕಕ್ಕೆ ಮಾತ್ರ ಟೈಮಿಗೆ ಬರ್ಬೇಕು."

ಕನಕಮ್ಮ ಬಟ್ಟೆಗಂಟು, ಮಡಕೆ ಹಿಡಿದು ನಿಂತಳು. "ಎಲ್ಲಪ್ಪಾ ನಿನ್ ಮನೆ? ನಾನು ನೋಡೇ ಇಲ್ಲ."

"ಅವಲಪಲ್ಲೀಲಿ. ಅದು ಸರಳಾ ಅವರಮ್ಮಂದು, ಚಿಕ್ಕಮ್ಮ. ಒಂದೇ ರೂಮು. ನಮ್ಮತ್ತೆ ಏನಂತಾರೋ..."

"ನಿಂಗೂ ಇಲ್ಲ ಅನ್ನು." ಅವಳು ನಕ್ಕಳು. "ಹೋಗು. ಹೆಂಡ್ತಿ ಕಾಯ್ತಿರ್ತಾಳೆ."

ಅವನು ಹೋದ. ಗಾಡಿ ಹತ್ತಿ, ತಿರುಗಿ ನೋಡದೆ ಹೋದ. ಊಟಕ್ಕೆ ಕೂತಾಗ ಬೆರಳ ತುದಿಯ ಬೊಬ್ಬೆಗೆ ಸಾರು ತಾಗಿ ಉರಿಯಿತು. ಏನಾಯ್ತು ಅಂತ ಹೆಂಡತಿ ಸರಳಾ ಕೇಳಿದರೆ ಗುಲಾಬಿ ಮುಳ್ಳು ಅಂದ.

ಮಾರನೆಯ ದಿನ ತೋಟದ ಮುಂದೆ ಶಾಮಿಯಾನ ಎದ್ದಿತ್ತು. ಬಿದಿರಿಗೆ ಕಟ್ಟಿದ ಬ್ಯಾನರಿನಲ್ಲಿ ರಾಮಮೂರ್ತಿ ಕೈಮುಗಿದು ನಿಂತಿದ್ದ. ಕುರ್ಚಿಗಳಲ್ಲಿ ಅತಿಥಿಗಳು, ಮೇಜಿನ ಮೇಲೆ ಕಂಬಳಿಗಳು. ಶ್ಯಾಮಲಾ ಮೈಕು ಹಿಡಿಯುವ ಹೊತ್ತಿಗೆ ಕನಕಮ್ಮ ಬಂದಳು. ಸೆರಗಿನಲ್ಲಿ ಕಲ್ಲುಗಳು, ಮೈಗೆಲ್ಲ ಗೊಬ್ಬರ. ಕುರ್ಚಿಗಳ ಮುಂದೆ ಕೂತು ಕಲ್ಲು ಹೂಡಿದಳು. ಮೇಲೆ ಮಡಕೆ ಇಟ್ಟಳು.

"ಏನಮ್ಮಿ ಇದು? ಲೇ ಮುನೀಶ, ಎಳ್ದಾಕ್ಲಾ ಈ ಮುಂಡೇದ್ನ."

"ಮೇಡಮ್ಮೋರು ಒಲೆ ಕೇಳಿದ್ರು," ಕನಕಮ್ಮ ತಲೆಯೆತ್ತದೆ ಅಂದಳು. "ತೋರ್ಸಾನ ಅಂತ."

ಶ್ಯಾಮಲಾ ಮುನೀಶನ ಕಡೆ ತಿರುಗಿದಳು. "ನಿಮ್ಮ ಮನೇಲಿದಾರೆ ಅಂದ್ರಿ?"

ಮುನೀಶ್ ಕನಕಮ್ಮನ ಕಡೆ ನಡೆದ. ಎಳೆಯುತ್ತಾನೆ ಅಂತ ಎಲ್ಲರೂ ನೋಡುತ್ತಿದ್ದಂತೆ ಅವಳನ್ನು ದಾಟಿ ಹೋಗಿ ಬ್ಯಾನರಿನ ಬಿದಿರು ಕಿತ್ತ. ಬಟ್ಟೆ ಹರಿಯಿತು. ಬಿದಿರನ್ನು ಮೊಣಕಾಲಿಗಿಟ್ಟು ಮುರಿದ.

"ಲೇ ಬೋಳಿಮಗನೆ, ಬ್ಯಾನರ್ ಕಣ್ಲಾ ಅದು."

"ಸೌದೆ ಬೇಕಲ್ಲ ಸಾರ್." ಅವನು ಶ್ಯಾಮಲಾಳ ಕಡೆ ತಿರುಗಿದ. "ಅವ್ಳು ನನ್ ಮನೇಲಿಲ್ಲ ಮೇಡಂ. ಆ ಶೆಡ್ನಾಗೇ ಇದ್ಲು. ರಾತ್ರಿ ಎಲ್ಲಿದ್ಲೋ ನಂಗೊತ್ತಿಲ್ಲ."

ಕನಕಮ್ಮ ಬಿದಿರ ತುಂಡುಗಳನ್ನು ತೆಗೆದುಕೊಂಡಳು. ಅವನ ಮುಖ ನೋಡಲಿಲ್ಲ. ಕಡ್ಡಿ ಗೀರಿ, ಬಗ್ಗಿ ಊದಿದಳು. ಹೊಗೆ ಕುರ್ಚಿಗಳ ಕಡೆ ತಿರುಗಿತು, ಒಬ್ಬೊಬ್ಬರಾಗಿ ಎದ್ದರು. ಮುನೀಶ್ ಉರಿಯುವ ಕಣ್ಣುಗಳಲ್ಲೇ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಅವಳು ಸರಿದು ಜಾಗ ಕೊಡಲಿಲ್ಲ. ಏಳು ಅಂತಲೂ ಅನ್ನಲಿಲ್ಲ.