ಹೆಡ್‌ಮಾಸ್ಟರ ಮಗಳ ಓದು

೧೯೬೩ರ ಬೇಸಿಗೆಯಲ್ಲಿ ಜಯನಗರದ ಪ್ರೈಮರಿ ಶಾಲೆಯೊಂದರ ಹೆಡ್‌ಮಾಸ್ಟರು ಜಯಸಿಂಹ ತಮ್ಮ ಸ್ವಂತ ಮಗಳನ್ನೇ ಮೂರನೇ ಕ್ಲಾಸಿನಲ್ಲಿ ಎರಡನೇ ಸಲ ಫೇಲು ಮಾಡಿದರು. ಮಗುವಿನ ಹೆಸರು ಸರಸ್ವತಿ. ಒಮ್ಮೆ ಕೇಳಿದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುವಳು, ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳುವಳು. ಪುಸ್ತಕ ಮುಂದಿಟ್ಟರೆ ಮಾತ್ರ ‘ಬಸವ’ ಹೋಗಿ ‘ಸಬವ’ ಆಗುತ್ತಿತ್ತು. ಬರೀ ಸೋಮಾರಿತನ ಎಂದು ಜಯಸಿಂಹರು ರೂಲುದೊಣ್ಣೆ ಹಿಡಿದರು. ಅವಳ ಬೆರಳಗಂಟು ಊದಿದ ದಿನ ಹೆಂಡತಿ ಸತ್ಯಭಾಮಾ, “ಇವಳಿಗೆ ಓದು ಯಾಕೆ ಬರಲ್ಲ ಅಂತ ಡಾಕ್ಟ್ರನ್ನೇ ಕೇಳೋಣ. ನೀವು ಬರದಿದ್ರೆ ಬೇಡ, ನಾನೇ ಆಸ್ಪತ್ರೆಗೆ ಕರ್ಕೊಂಡ್ಹೋಗ್ತೀನಿ” ಎಂದಳು.

ಹೊಸೂರು ರಸ್ತೆ ಕಡೆಯ ಮಾನಸಿಕ ಆಸ್ಪತ್ರೆಯ ಗೇಟಿನಲ್ಲಿ ಯಾರಾದರೂ ನೋಡಿಯಾರೆಂದು ಹೆಡ್‌ಮಾಸ್ಟರು ಟೋಪಿಯನ್ನು ಹಣೆಗೆ ಎಳೆದುಕೊಂಡರು. ಮೂರು ಬೆಳಗು ಮಗುವಿಗೆ ಮರದ ತುಂಡು ಜೋಡಿಸಲು ಕೊಟ್ಟರು, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದರು, ಕಥೆ ಕಟ್ಟಿಸಿದರು. ಪರೀಕ್ಷೆ ನಡೆಸಿದ ಅಲ್ಲಿನ ಮನಶ್ಶಾಸ್ತ್ರಜ್ಞೆ ಕಮಲಾದೇವಿ ಕೊನೆಗೆ ಹೇಳಿದರು:

“ನಿಮ್ಮ ಮಗಳು ಜಾಣೆ ಸಾರ್, ವಯಸ್ಸಿಗಿಂತ ಒಂದು ವರ್ಷ ಮುಂದಿದಾಳೆ. ಅಕ್ಷರ ಮಾತ್ರ ಅವಳ ಕಣ್ಣಿಗೆ ಸಾಲಾಗಿ ನಿಲ್ಲಲ್ಲ. ಹೊಡೆದ್ರೆ ಬರಲ್ಲ. ಮರಳಲ್ಲಿ ತೀಡಿಸಿ, ಒಂದೊಂದೇ ಸದ್ದು ಕೂಡ್ಸಿ ಹೇಳ್ಕೊಡಿ. ಪರೀಕ್ಷೆ ಬಾಯಲ್ಲೇ ತಗೊಳ್ಳಿ.”

“ರೂಲ್ಸಲ್ಲಿ ಅದಕ್ಕೆ ಜಾಗ ಇಲ್ಲ ಮೇಡಂ.”

“ಹಾಗಾದ್ರೆ ಇಂಥ ಮಕ್ಕಳನ್ನ ಏನ್ಮಾಡ್ತೀರಿ?”

ಏನು ಮಾಡುತ್ತಾರೆಂಬುದು ಜಯಸಿಂಹರಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಕತ್ರಿಗುಪ್ಪೆಯಿಂದ ನಡೆದು ಬರುತ್ತಿದ್ದ ಮುನಿಲಕ್ಷ್ಮಮ್ಮನೆಂಬ ಹುಡುಗಿಯೂ ಥೇಟು ಹೀಗೆಯೇ ತಡವರಿಸುತ್ತಿದ್ದಳು. “ಇವಳ ತಲೆಗೆ ಹತ್ತಲ್ಲ, ಬಿಡಿಸ್ಬಿಡಿ” ಎಂದು ಅವಳ ತಂದೆ ಚಿಕ್ಕಬೈರಪ್ಪನ ಕೈಗೆ ಟಿ.ಸಿ. ಇತ್ತವರು ತಾವೇ.

ಮನೆಯಲ್ಲಿ ಮರಳಿನ ತಟ್ಟೆ ಬಂತು. ಆದರೆ ಶಾಲೆಯಲ್ಲಿ ಮಗಳಿಗೆ ಬಾಯಿಪರೀಕ್ಷೆ ಮಾಡಿ ಪಾಸು ಮಾಡಿದರೆ ಹೆಡ್‌ಮಾಸ್ಟರ ಮಗಳಿಗೊಂದು ನ್ಯಾಯ, ಊರ ಮಕ್ಕಳಿಗೊಂದು ನ್ಯಾಯ. ಮಾಡದಿದ್ದರೆ ಅವಳು ಅದೇ ಬೆಂಚಿನ ಮೇಲೆ ದೊಡ್ಡವಳಾಗುತ್ತಾಳೆ. ಇಲಾಖೆಗೆ ಎರಡು ಕಾಗದ ಬರೆದರು. ‘ನಿಯಮದಂತೆ ನಡೆಯತಕ್ಕದ್ದು’ ಎಂಬ ಒಂದೇ ಸಾಲು ಬಂತು.

ಒಂದು ಭಾನುವಾರ ಸೈಕಲ್ ಹತ್ತಿ ಕತ್ರಿಗುಪ್ಪೆಗೆ ಹೋದರು. ಚಿಕ್ಕಬೈರಪ್ಪ ಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದ.

“ತಪ್ಪು ನಂದು. ನಿಮ್ಮ ಮಗಳು ದಡ್ಡಿ ಅಲ್ಲ. ಕಳ್ಸಿ, ನಾನೇ ಹೇಳ್ಕೊಡ್ತೀನಿ.”

ಚಿಕ್ಕಬೈರಪ್ಪ ಗುದ್ದಲಿ ಕೆಳಗಿಡಲಿಲ್ಲ. “ನೀವೇ ಅಲ್ವಾ ಸ್ವಾಮಿ ಅಂದಿದ್ದು? ಈಗ ಊರೆಲ್ಲ ಅವಳನ್ನ ದಡ್ಡಿ ಅಂತ್ಲೇ ಕೂಗ್ತದೆ. ಇನ್ನೊಂದ್ಸಲ ನಗೆಪಾಟ್ಲು ಮಾಡ್ಲಾ? ಅವಳೇ ಬಂದ್ರೆ ಕರ್ಕೊಂಡ್ಹೋಗಿ.”

ಹುಡುಗಿ ಬದುವಿನ ಮೇಲೆ ದಂಟಿನ ಕಂತೆ ಕಟ್ಟುತ್ತಿದ್ದಳು. ಮೇಷ್ಟರನ್ನು ಕಂಡದ್ದೇ ಎದ್ದು, ಎರಡೂ ಅಂಗೈ ಮುಂದೆ ಚಾಚಿ ನಿಂತಳು.

“ಹೊಡಿಯೋಕೆ ಬಂದಿಲ್ಲಮ್ಮ” ಎಂದರು ಜಯಸಿಂಹರು. ಕೈಗಳು ಕೆಳಗಿಳಿಯಲಿಲ್ಲ. ಅವಳು ಶಾಲೆಗೂ ಬರಲಿಲ್ಲ.

ಮರುವರ್ಷ ಮಾರ್ಚಿನ ಪರೀಕ್ಷೆಯಲ್ಲಿ ಸರಸ್ವತಿ ಅರ್ಧ ಪುಟ ಬರೆದಳು. ಹಿಂದೆ ಎರಡು ಸಾಲು ದಾಟಿದವಳಲ್ಲ. ಆದರೂ ಪಾಸಿಗೆ ಅದು ಸಾಲಲಿಲ್ಲ. ಜಯಸಿಂಹರು ಪಟ್ಟಿಗೆ ಸಹಿ ಹಾಕಿ, ಫೇಲಾದ ಏಳು ಹೆಸರು ಓದಿದರು. ಆ ಏಳೂ ಮಕ್ಕಳು ಇನ್ನು ದಿನಾ ಸಂಜೆ ತಮ್ಮ ಕೋಣೆಗೆ ಬರಬೇಕೆಂದರು.

ಐವರು ಬಂದರು, ಗೋಡೆಗೆ ಅಂಟಿ ನಿಂತರು. ಕೂತ್ಕೊಳ್ಳಿ ಎಂದು ಮೂರು ಸಲ ಹೇಳಿದ ಮೇಲೆ ಸರಸ್ವತಿ ಕೂತಳು, ಅಪ್ಪನ ಕೈಗೆ ಎಟುಕದಷ್ಟು ದೂರದಲ್ಲಿ.